ಮದ್ದಳೆ ಎಲ್ಲಿ ಹೋಯಿತು?

ಕಾರಿಗೆ ಹೊಸ ಸ್ಟೀರಿಯೋ ಹಾಕಿಸಿದ ಮರುದಿನ ಮಾವನವರನ್ನು ಕೂರಿಸಿಕೊಂಡು ಮಂಗಳೂರಿನಿಂದ ಉಡುಪಿಗೆ ಹೊರಟಿದ್ದೆ. ಯಕ್ಷಗಾನ ಹಾಕಿಬಿಟ್ಟರೆ ಅವರಿಗೆ ದಾರಿ ಸವೆದದ್ದೇ ತಿಳಿಯುವುದಿಲ್ಲ. ಫೋನಿನಿಂದ ತೆಂಕುತಿಟ್ಟಿನ ಒಂದು ಪ್ರಸಂಗ ಹಾಕಿದೆ. ಸುರತ್ಕಲ್ ದಾಟುವ ತನಕ ಸುಮ್ಮನಿದ್ದವರು ಆಮೇಲೆ ಕೇಳಿದರು, "ಎಂತ ಮಾರಾಯ್ರೆ, ಭಾಗವತರು ಇದ್ದಾರೆ, ಚೆಂಡೆ ಉಂಟು. ಮದ್ದಳೆ ಎಲ್ಲಿ ಹೋಯಿತು?"

ಕಿವಿಗೊಟ್ಟು ಕೇಳಿದೆ. ಹೌದು, ಚೆಂಡೆಯ ಪೆಟ್ಟು ಕಿವಿಗೆ ರಪ್ಪನೆ ಬಡಿಯುತ್ತಿದೆ, ಮದ್ದಳೆಯ ಗುಂ ಎನ್ನುವ ನಾದ ಮಾತ್ರ ಇಲ್ಲ. ಬಾಸ್ ಏರಿಸಿದರೂ ಇಲ್ಲ. ಮೂಲ್ಕಿಯಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ಸುಮ್ನೆ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ಸರಿಸಿದೆ. ಮದ್ದಳೆ ಬಂತು! ಪೂರ್ತಿ ಬಲಕ್ಕೆ ಸರಿಸಿದೆ, ಆಗಲೂ ಬಂತು. ನಡುವೆ ತಂದೆ, ಮಾಯ. ಎರಡೂ ಸ್ಪೀಕರು ಒಟ್ಟಿಗೆ ಹಾಡಿದರೆ ಮಾತ್ರ ಮದ್ದಳೆ ಕಾಣೆ.

ಸ್ಪೀಕರಿನ ಕೋನು ಮುಂದೆ ಹಿಂದೆ ಅಲ್ಲಾಡಿ ಗಾಳಿಯನ್ನು ತಳ್ಳುತ್ತದೆ, ಎಳೆಯುತ್ತದೆ. ಎಡಬಾಗಿಲಿನದ್ದು ತಳ್ಳುವಾಗ ಬಲಬಾಗಿಲಿನದ್ದೂ ತಳ್ಳಬೇಕು. ಒಂದರ ಪ್ಲಸ್ ಮೈನಸ್ ಅದಲುಬದಲಾಗಿದ್ದರೆ ಇದು ತಳ್ಳಿದ್ದನ್ನು ಅದು ಎಳೆದುಕೊಳ್ಳುತ್ತದೆ. ನಡುವಿನ ಗಾಳಿ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಆದರೆ ಚೆಂಡೆ ಹೇಗೆ ಉಳಿಯಿತು? 100 ಹರ್ಟ್ಸ್‌ನ ದಪ್ಪ ಸದ್ದಿನ ಒಂದು ಅಲೆ ಸುಮಾರು 3.5 ಮೀಟರ್ ಉದ್ದ. ಕಾರಿನ ಒಳಗಿನ ಅಗಲಕ್ಕಿಂತ ಅದೇ ಜಾಸ್ತಿ. ಅಂಥ ಎರಡು ಅಲೆಗಳು ಎದುರುಬದುರು ಬಂದರೆ ನೀವು ಯಾವ ಸೀಟಿನಲ್ಲಿ ಕೂತರೂ ಬಹುಪಾಲು ಅಳಿಸಿಹೋಗುತ್ತವೆ. 3,000 ಹರ್ಟ್ಸ್‌ನ ಚೂಪು ಸದ್ದಿನ ಅಲೆ ಗೇಣಿಗಿಂತಲೂ ಚಿಕ್ಕದು. ತಲೆ ಸ್ವಲ್ಪ ಆಚೀಚೆ ಆದರೂ ಲೆಕ್ಕ ತಪ್ಪುತ್ತದೆ, ಹಾಗಾಗಿ ಪೂರ್ತಿ ಅಳಿಯುವುದಿಲ್ಲ.

ಮರುದಿನ ಪುನಃ ಅಂಗಡಿಗೆ ಹೋದೆ. (ಕಾರ್ ಸ್ಟ್ರೀಟಿನಲ್ಲಿ ಅಲ್ಲ ಮತ್ತೆ. ಅಲ್ಲಿನ ಕಾರು ಎಂದರೆ ದೇವರ ತೇರು.) ಹುಡುಗ ಸೆಟ್ಟನ್ನು ಹೊರಗೆಳೆದ. ಸೆಟ್ಟು ಕೂರುವ ಕಿಂಡಿಗೆ ಜಗತ್ತಿನಾದ್ಯಂತ ಹೆಚ್ಚುಕಮ್ಮಿ ಒಂದೇ ಅಳತೆ. 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನಿಂದ ಅದು 'ಡಿನ್' ಆಯಿತು, ಎತ್ತರ ಎರಡು ಪಟ್ಟಾದರೆ 'ಡಬಲ್ ಡಿನ್'. ಹೊರಗೆ ಇಷ್ಟು ಶಿಸ್ತು. ಹಿಂದಿನ ವೈರುಗಳಿಗೆ ಬಂದರೆ ಒಬ್ಬೊಬ್ಬ ಕಾರು ತಯಾರಕನದ್ದು ಒಂದೊಂದು ಬಣ್ಣ. ಸರಿಯಾದ ಕಪ್ಲರ್ ಸಿಕ್ಕದಿದ್ದರೆ ವೈರ್ ಕತ್ತರಿಸಿ, ಅಂದಾಜಿನಲ್ಲಿ ತಿರುಚಿ, ಟೇಪು ಸುತ್ತುತ್ತಾರೆ. ನನ್ನ ಕಾರಿನಲ್ಲಿ ಆದದ್ದೂ ಅದೇ.

ಹುಡುಗ ಡ್ರಾವರಿನಿಂದ ಒಂದು ಪೆನ್ಸಿಲ್ ಸೆಲ್ ತೆಗೆದ. ಬರೇ 1.5 ವೋಲ್ಟಿನದ್ದು. ಸ್ಪೀಕರಿನ ಎರಡು ವೈರನ್ನು ಅದರ ಎರಡು ತುದಿಗೆ ತಾಗಿಸಿದ. 'ಟಪ್' ಎಂದಿತು. "ಕೋನು ನೋಡಿ ಸರ್." ಎಡಗಡೆಯದ್ದು ಕೂದಲೆಳೆಯಷ್ಟು ಹೊರಗೆ ಬಂತು. ಬಲಗಡೆಯದ್ದು ಒಳಗೆ ಹೋಯಿತು. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ ತಾಗಿದರೆ ಕೋನು ಹೊರಗೆ ಬರಬೇಕು. ವೈರ್ ಅದಲುಬದಲು ಮಾಡಿದ, ಮದ್ದಳೆ ವಾಪಸ್ ಬಂತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸೆಟ್ಟಿನ ಪೆಟ್ಟಿಗೆಯ ಮೇಲೆ '50 ವ್ಯಾಟ್ x 4' ಎಂದು ಅಚ್ಚಾಗಿತ್ತು, ಅದು ತಲೆ ತಿನ್ನತೊಡಗಿತು. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಸ್ಪೀಕರು 4 ಓಮ್. 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿ: ಸುಮಾರು 52. ಪೆಟ್ಟಿಗೆಯ 50 ಹೆಚ್ಚಾಗಿ ಹುಟ್ಟುವುದು ಇಲ್ಲೇ. ಆದರೆ ಅದು ಸದ್ದು ಪೂರ್ತಿ ಒಡೆದು ಕರ್ಕಶವಾದಾಗಿನ ಲೆಕ್ಕ. ಹಾಡಿನ ಅಲೆ ನಯವಾಗಿ ಏರಿಳಿಯುವಂಥದ್ದು, ಅದಕ್ಕೆ ಲೆಕ್ಕದಲ್ಲೇ ಅರ್ಧ, 26 ವ್ಯಾಟ್. ಸೆಟ್ಟಿನೊಳಗೆ ಸದ್ದು ಹಿಗ್ಗಿಸುವ ಚಿಪ್ ತಾನೇ ತಿನ್ನುವುದನ್ನು ಕಳೆದರೆ 20ರ ಆಸುಪಾಸು. ನಂಬಿಕೆ ಬರದಿದ್ದರೆ ಸೆಟ್ಟಿನ ಬೆನ್ನಿಗಿರುವ ಫ್ಯೂಸ್ ನೋಡಿ. ಅಲ್ಲಿ 10 ಎಂದಿದ್ದರೆ 10 ಆಂಪಿಯರ್, ಅಂದರೆ ಒಟ್ಟು 144 ವ್ಯಾಟ್ ಒಳಗೆ ಹೋಗಬಹುದು. ಅದರಿಂದ ಒಂದೇ ಸಮನೆ 200 ವ್ಯಾಟ್ ಹೊರಗೆ ಬರುವುದಾದರೆ ನಮಗೆ ಮೆಸ್ಕಾಂ ಬಿಲ್ಲೇ ಬೇಡ, ಅಲ್ವಾ?

ಲೆಕ್ಕ ಗೊತ್ತಿದ್ದೂ ಆಸೆಬಿದ್ದು ಹಿಂದಿನ ಸ್ಪೀಕರುಗಳಿಗೆಂದು ಡಿಕ್ಕಿಯಲ್ಲೊಂದು ಆಂಪ್ಲಿಫೈಯರ್ ಹಾಕಿಸಿದೆ. ಸಂಜೆ ಕದ್ರಿ ಗುಡ್ಡ ಏರುವಾಗ ಹಾಡಿನ ನಡುವೆ 'ಕುಂಯ್ಯ್' ಎಂಬ ರಾಗ. ಆಕ್ಸಿಲರೇಟರ್ ಒತ್ತಿದರೆ ಶ್ರುತಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ.

ಎಂಜಿನ್ನಿನ ಜೊತೆ ಏರಿಳಿಯುವುದಾದರೆ ಅದು ಆಲ್ಟರ್ನೇಟರಿನ ದನಿ. ಬ್ಯಾಟರಿ ಚಾರ್ಜ್ ಮಾಡುವ ಅದು ಹುಟ್ಟಿಸುವುದು ಎ.ಸಿ. ಕರೆಂಟು, ಡಯೋಡುಗಳು ಅದನ್ನು ಡಿ.ಸಿ. ಮಾಡುತ್ತವೆ. ಆದರೂ ಮೇಲೆ ಸಣ್ಣ ಅಲೆ ಉಳಿದೇ ಉಳಿಯುತ್ತದೆ. 12 ಧ್ರುವಗಳ ಆಲ್ಟರ್ನೇಟರಾದರೆ ಒಂದು ಸುತ್ತಿಗೆ 36 ಅಲೆ. ಎಂಜಿನ್ ಐಡಲಿನಲ್ಲಿ ನಿಮಿಷಕ್ಕೆ 800 ಸುತ್ತು, ಬೆಲ್ಟಿನಿಂದ ಆಲ್ಟರ್ನೇಟರ್ ಅದರ ಎರಡೂವರೆ ಪಟ್ಟು ತಿರುಗಿತು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 1,200 ಅಲೆ. ಗುಡ್ಡ ಏರುವಾಗ 2,400 ಸುತ್ತಾದರೆ 3,600. ನಮ್ಮ ಕಿವಿ ತುಂಬ ಚುರುಕಾಗಿರುವುದು ಸರಿಯಾಗಿ ಈ ಜಾಗದಲ್ಲೇ!

ಅಲೆ ಹಾಡಿನೊಳಗೆ ನುಗ್ಗಿದ್ದು ಅರ್ತಿನಿಂದ. ಕಾರಿನಲ್ಲಿ ಮೈನಸ್ ವೈರಿನ ಕೆಲಸ ಮಾಡುವುದು ಬಾಡಿಯ ತಗಡು. ಸೆಟ್ಟಿನ ಅರ್ತ್ ಡ್ಯಾಶ್‌ಬೋರ್ಡಿನ ಹಿಂದೆ, ಆಂಪ್ಲಿಫೈಯರಿನದ್ದು ಡಿಕ್ಕಿಯಲ್ಲಿ. ಹಾಡು ಒಯ್ಯುವ ಆರ್‌ಸಿಎ ಕೇಬಲಿನ ಹೊರಜಾಲರಿ ಇವೆರಡನ್ನೂ ಸೇರಿಸುತ್ತದೆ. ಡಿಕ್ಕಿಯ ಸ್ಕ್ರೂ ಬಿಚ್ಚಿ ನೋಡಿದರೆ ಅದನ್ನು ಪೈಂಟಿನ ಮೇಲೆಯೇ ಬಿಗಿದಿದ್ದರು. ಸ್ಕ್ರೂ ಕೂಡ ಹಳೆಯದು, ನಮ್ಮ ಕಡಲ ಗಾಳಿಗೆ ತುಕ್ಕು ಹಿಡಿದದ್ದು. ಅಂಥ ಜಾಯಿಂಟು ಬರೇ 0.1 ಓಮ್ ತಡೆಯೊಡ್ಡಿದರೂ 10 ಆಂಪಿಯರ್ ಹರಿಯುವಾಗ 1 ವೋಲ್ಟ್ ಅಲ್ಲೇ ಬೀಳುತ್ತದೆ. ಸೆಟ್ಟಿನಿಂದ ಬರುವ ಹಾಡಿನ ಸಿಗ್ನಲ್ಲೇ ಸಾಮಾನ್ಯವಾಗಿ 2ರಿಂದ 4 ವೋಲ್ಟ್. ತಗಡಿನಲ್ಲಿ ದಾರಿ ಕಾಣದ ಕರೆಂಟು ಕೇಬಲಿನ ಜಾಲರಿ ಹಿಡಿದು ವಾಪಸ್ ಹೋಗಲು ನೋಡುತ್ತದೆ, ಆಲ್ಟರ್ನೇಟರಿನ ಅಲೆಯೂ ಅದರ ಜೊತೆ.

ಮರಳು ಕಾಗದದಲ್ಲಿ ತಗಡು ಹೊಳೆಯುವ ತನಕ ಪೈಂಟ್ ಉಜ್ಜಿದೆವು. ಹೊಸ ಬೋಲ್ಟು ಹಾಕಿ ಬಿಗಿದು, ಮೇಲಿಂದ ಗ್ರೀಸ್ ಹಚ್ಚಿದೆವು, ಮಳೆಗಾಲ ಬರುತ್ತದಲ್ಲ. ಕುಂಯ್ ನಿಂತಿತು.

ಆಂಪ್ಲಿಫೈಯರ್ ಕೊಟ್ಟದ್ದೇನು? ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಎನ್ನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಮುಂದಿನ ಸಲ ಉಡುಪಿಗೆ ಹೊರಟಾಗ ಮಾವನವರು ಪಡುಬಿದ್ರಿ ತನಕ ಮದ್ದಳೆಗೆ ಬೆರಳಾಡಿಸುತ್ತಾ ಕೂತಿದ್ದರು. ಆಮೇಲೆ, "ಸ್ವಲ್ಪ ಕಮ್ಮಿ ಮಾಡಿ" ಎಂದರು. ಅವರು ಕೇಳುವಷ್ಟಕ್ಕೆ ಒಂದು ಸ್ಪೀಕರಿಗೆ 1 ವ್ಯಾಟ್ ಧಾರಾಳ.