ಪಂಪಿನ ಬುಡದ ಬಿಸಿ, ನ್ಯೂಟನ್ನನ ತಪ್ಪು

ಸೈಕಲ್‌ಗೆ ಜೋರಾಗಿ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿದ್ದೀರಾ? ಚುರುಕ್ ಅನ್ನುವಷ್ಟು ಬಿಸಿ. ಒಳಗಿನ ವಾಷರ್ ಉಜ್ಜಿ ಹೀಗಾಗುತ್ತದೆ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಉಜ್ಜಾಟದ ಪಾಲೂ ಇದೆ ಅನ್ನಿ. ಆದರೆ ಗಾಳಿಯನ್ನು ಅದುಮಿದರೇ ಸಾಕು, ಅದು ಬಿಸಿಯಾಗುತ್ತದೆ. ನಿಮ್ಮ ತೋಳು ಪಟ್ಟ ಶ್ರಮ ಗಾಳಿಯ ಕಣಗಳ ಓಟಕ್ಕೆ ಸೇರಿಕೊಳ್ಳುತ್ತದೆ.

ಈಗ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ, ಹಿಡಿಯನ್ನು ತೀರಾ ನಿಧಾನವಾಗಿ ಒತ್ತಿ. ಹುಟ್ಟಿದ ಶಾಖವೆಲ್ಲ ಪಂಪಿನ ಗೋಡೆ ದಾಟಿ ಹೊರಗೆ ಹೋಗುತ್ತಿರುತ್ತದೆ. ಒಳಗಿನ ತಾಪಮಾನ ಇದ್ದ ಹಾಗೇ ಇರುತ್ತದೆ. ಇದು ಐಸೋಥರ್ಮಲ್. ದಬಕ್ಕನೆ ಒತ್ತಿದರೆ ಶಾಖಕ್ಕೆ ಹೊರಗೆ ಹೋಗಲು ಪುರುಸೊತ್ತೇ ಇಲ್ಲ. ಅದು ಅಡಿಯಾಬ್ಯಾಟಿಕ್.

ಇಲ್ಲೇ ಕಾಲೇಜು ಹುಡುಗರು ಎಡವುವುದು. ಶಾಖ ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ ಅಂದಮೇಲೆ ತಾಪಮಾನ ಬದಲಾಗಬಾರದು ಅಲ್ವಾ? ಆಗುವುದು ತಿರುಗಾಮುರುಗಾ. ತಾಪಮಾನ ಬದಲಾಗದೆ ಇರಬೇಕಾದರೆ ಶಾಖ ಹೊರಗೆ ಹೋಗಲೇಬೇಕು. ಹೋಗದಿದ್ದರೆ ಏರುತ್ತದೆ.

ಎಷ್ಟು ಏರುತ್ತದೆ? 27 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಅರ್ಧ ಜಾಗಕ್ಕೆ ಅದುಮಿದೆವು ಅನ್ನಿ. ನಿಧಾನವಾಗಿ ಅದುಮಿದರೆ ಒತ್ತಡ 2 ಪಟ್ಟು, ಅಷ್ಟೇ. ಒಂಚೂರೂ ಶಾಖ ಬಿಡದೆ ಅದುಮಿದರೆ ಒತ್ತಡ ಸುಮಾರು 2.6 ಪಟ್ಟು, ತಾಪಮಾನ 120 ಡಿಗ್ರಿ ದಾಟುತ್ತದೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಬೇಡದಿರುವುದು ಇದರಿಂದಲೇ. ಅಲ್ಲಿ ಇನ್ನೂ ಜಾಸ್ತಿ ಅದುಮುವುದರಿಂದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ.

ಈ 2 ಮತ್ತು 2.6ರ ನಡುವಿನ ವ್ಯತ್ಯಾಸ ನ್ಯೂಟನ್ನನಂಥವನಿಗೇ ಕೈಕೊಟ್ಟಿತ್ತು. 1687ರಲ್ಲಿ ಬಂದ 'ಪ್ರಿನ್ಸಿಪಿಯ'ದಲ್ಲಿ ಆತ ಗಾಳಿಯಲ್ಲಿ ಶಬ್ದದ ವೇಗವನ್ನು ಲೆಕ್ಕ ಹಾಕಿದ. ಶಬ್ದ ಅಂದರೆ ಗಾಳಿ ಅದುಮಿಕೊಳ್ಳುತ್ತಾ ಸಡಿಲಾಗುತ್ತಾ ಸಾಗುವುದು ತಾನೇ? ಅರ್ಧಕ್ಕೆ ಅದುಮಿದರೆ ಒತ್ತಡ 2 ಪಟ್ಟು ಎಂಬ ಬಾಯ್ಲ್ ನಿಯಮವನ್ನೇ ಹಿಡಿದ. ಆ ದಾರಿಯಲ್ಲಿ ಸೊನ್ನೆ ಡಿಗ್ರಿಯ ಗಾಳಿಗೆ ಸೆಕೆಂಡಿಗೆ 280 ಮೀಟರ್ ಬರುತ್ತದೆ. ನಿಜವಾದ ವೇಗ 331. ಅಳತೆಗೂ ಲೆಕ್ಕಕ್ಕೂ ತಾಳೆಯಾಗದಿದ್ದಾಗ ನ್ಯೂಟನ್ ಸುಮ್ನೆ ಒಪ್ಪಿಕೊಳ್ಳಲಿಲ್ಲ. ಗಾಳಿಯ ಕಣಗಳೊಳಗೆ ಶಬ್ದ ಹೊತ್ತೇ ಹಿಡಿಯದೆ ದಾಟುತ್ತದೆ, ಗಾಳಿಯಲ್ಲಿರುವ ಆವಿ ಅಲುಗಾಟಕ್ಕೆ ಸೇರುವುದಿಲ್ಲ ಎಂದೆಲ್ಲ ಕಾರಣ ಹೊಂದಿಸಿದ. ನನಗಂತೂ ಇದು ಉತ್ತರ ನೋಡಿಕೊಂಡು ಲೆಕ್ಕ ಬರೆದ ಹಾಗೇ ಕಾಣುತ್ತದೆ.

ತಪ್ಪು ಎಲ್ಲಿದೆ ಎಂದು ಹಿಡಿದವನು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್. ಸೆಕೆಂಡಿಗೆ 500 ಸಲ ಅಲುಗುವ ಶಬ್ದವನ್ನೇ ನೋಡಿ. ಗಾಳಿ ಅದುಮಿಕೊಂಡ ಜಾಗಕ್ಕೂ ಸಡಿಲಾದ ಜಾಗಕ್ಕೂ ಒಂದಡಿಗಿಂತ ಜಾಸ್ತಿ ದೂರ. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಇವು ಅದಲುಬದಲಾಗುತ್ತವೆ. ಅಷ್ಟರೊಳಗೆ ಶಾಖ ಅಲ್ಲಿಂದಿಲ್ಲಿಗೆ ಬರುವ ಮಾತೇ ಇಲ್ಲ. ಅದುಮಿಕೊಂಡ ಗಾಳಿ ಬಿಸಿಯಾಗಿಯೇ ಇದ್ದು ಇನ್ನಷ್ಟು ಬಿರುಸಾಗಿ ಹಿಂದಕ್ಕೆ ತಳ್ಳುತ್ತದೆ, ಶಬ್ದ ಬೇಗ ಓಡುತ್ತದೆ. ಲೆಕ್ಕದಲ್ಲಿ ಇದಕ್ಕಾಗಿ ಒತ್ತಡವನ್ನು ಗಾಳಿಗೆ ಹೊಂದುವ 1.4 ಎಂಬ ಅಂಕಿಯೊಂದರಿಂದ ಗುಣಿಸಿದರೆ ಸಾಕು. ವೇಗಕ್ಕೆ ಬೇಕಾದ್ದು ಅದರ ವರ್ಗಮೂಲ, 1.18. 280ನ್ನು ಅದರಿಂದ ಗುಣಿಸಿ ನೋಡಿ.