ಕೊಂಡುಕುರಿಯೋ, ಕಾಡುಕುರಿಯೋ? ಕ್ಯಾಮೆರಾ ಚಿತ್ರದ ಗೊಂದಲಕ್ಕೆ ಇರುವ ಹಿನ್ನೆಲೆ

ಕಾಡಿನಲ್ಲಿ ಕಟ್ಟಿಟ್ಟ, ಪ್ರಾಣಿ ಎದುರು ಬಂದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ರಾತ್ರಿ ತೆಗೆದ ಕಪ್ಪು-ಬಿಳುಪು ಚಿತ್ರ. ಎಡಕ್ಕೆ ಲಂಟಾನ ಪೊದೆ. ಬಲಗಡೆ ಅಂಚಿನಲ್ಲಿ ಒಂದು ಪ್ರಾಣಿಯ ಹಿಂಭಾಗ ಮಾತ್ರ ಕಾಣುತ್ತಿದೆ, ತಲೆ ಆಗಲೇ ಆಚೆ ಹೋಗಿಬಿಟ್ಟಿದೆ. ಎರಡು ಹಿಂಗಾಲು, ಒಂದು ಗಿಡ್ಡ ಬಾಲ, ಹೊಟ್ಟೆಯಡಿ ಸ್ವಲ್ಪ ಬಿಳುಪು. ಇಷ್ಟೇ. ಇದು ಕೊಂಡುಕುರಿಯೋ, ಕಾಡುಕುರಿಯೋ, ಜಿಂಕೆ ಮರಿಯೋ? ಒಬ್ಬರು ಒಂದು ಹೇಳುತ್ತಾರೆ, ಪಕ್ಕದಲ್ಲಿ ಕೂತವರು ಇನ್ನೊಂದು. ಕೊನೆಗೆ ಪಟ್ಟಿಯಲ್ಲಿ ಏನೋ ಒಂದು ಹೆಸರು ಬೀಳುತ್ತದೆ. ಮುಂದಿನ ಚಿತ್ರ ಬರುತ್ತದೆ.

ಗೊಂದಲ ಹೆಸರಿನಿಂದಲೇ ಶುರು. ಕೊಂಡುಕುರಿ, ಕಾಡುಕುರಿ ಎರಡೂ ಕುರಿಗಳಲ್ಲ. ಕಾಡುಕುರಿ ಒಂದು ಜಿಂಕೆ, ನಾಯಿ ಬೊಗಳಿದ ಹಾಗೆ ಕೂಗುತ್ತದೆ. ಅದರ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಕೊಂಡುಕುರಿ ಹುಲ್ಲೆ (ಆಂಟಿಲೋಪ್) ಜಾತಿಗೆ ಸೇರಿದ್ದು. ಅದರ ಕೊಂಬಿಗೆ ಕವಲಿಲ್ಲ, ಉದುರುವುದೂ ಇಲ್ಲ. ಕೃಷ್ಣಮೃಗಕ್ಕೆ ಧಾರವಾಡದ ಕಡೆ ಚಿಗರಿ ಅಂತಾರೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿಗೂ ಅದೇ ಹೆಸರು. ಬಯಲುಸೀಮೆಯ ಇನ್ನೊಂದು ಹುಲ್ಲೆ ಚಿಂಕಾರ. ಅದಕ್ಕೆ 19ನೇ ಶತಮಾನದ ಇಂಗ್ಲಿಷ್ ಪ್ರಾಣಿ ಪುಸ್ತಕಗಳಲ್ಲಿ ಬುದರಿ, ಮುದರಿ ಅನ್ನುವ ಕನ್ನಡದ ಹೆಸರುಗಳು ಸಿಗುತ್ತವೆ. ಇವತ್ತು ಆ ಹೆಸರು ಕೇಳಿದವರು ಕಮ್ಮಿ. ಊರಿನಲ್ಲಿ ಕೇಳಿದರೆ ಈ ನಾಲ್ಕಕ್ಕೂ ಬರುವ ಉತ್ತರ ಹೆಚ್ಚಾಗಿ ಒಂದೇ: ಜಿಂಕೆ.

ಕ್ಯಾಮೆರಾದ ಕಥೆ ಹುಲಿಯ ಸುತ್ತ ಬೆಳೆದದ್ದು. 1920ರ ದಶಕದಲ್ಲಿ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ ಉತ್ತರ ಭಾರತದ ಕಾಡಿನಲ್ಲಿ ತಂತಿ ಕಟ್ಟಿ, ಅದನ್ನು ತುಳಿದ ಹುಲಿಯ ಚಿತ್ರವನ್ನು ಹುಲಿಯಿಂದಲೇ ತೆಗೆಸಿದರು. ಅಲ್ಲಿಂದ 1990ರ ದಶಕದ ಆರಂಭಕ್ಕೆ ಬಂದರೆ ನಮ್ಮ ನಾಗರಹೊಳೆ. ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತರು ಅಲ್ಲಿ ಹುಲಿಯ ಪಟ್ಟೆಗಳನ್ನು ನೋಡಿ ಒಂದೊಂದೇ ಹುಲಿಯನ್ನು ಗುರುತಿಸಿ ಎಣಿಸುವ ಕ್ರಮವನ್ನು ಬೆಳೆಸಿದರು. ಆಗ ಇದ್ದದ್ದು ಫಿಲ್ಮ್ ರೋಲು. 36 ಚಿತ್ರಕ್ಕೆ ಮುಗಿಯುತ್ತಿತ್ತು. ಒಂದು ಚಿತ್ರವೂ ದಂಡವಾಗಬಾರದು. ಹಾಗಾಗಿ ಹುಲಿ ನಡೆಯುವ ಕಾಡುದಾರಿಯ ಅಕ್ಕಪಕ್ಕ ಎದುರುಬದುರು ಎರಡು ಕ್ಯಾಮೆರಾ, ಹುಲಿಯ ಪಕ್ಕೆ ಚೆನ್ನಾಗಿ ಕಾಣುವ ಎತ್ತರದಲ್ಲಿ. ಜಿಂಕೆ, ಕಡವೆ, ಹುಲ್ಲೆಗಳನ್ನು ಎಣಿಸಲು ಬೇರೆ ದಾರಿ ಇತ್ತು: ಗೆರೆ ಎಳೆದ ಹಾಗೆ ನೇರ ನಡೆದು, ಕಂಡದ್ದನ್ನು ಬರೆದುಕೊಳ್ಳುವುದು.

ಆ ಕಾಲಕ್ಕೆ ಇದು ಸರಿಯಾದ ಲೆಕ್ಕಾಚಾರವೇ. ತೊಡಕು ಬಂದದ್ದು ಆಮೇಲೆ. ಡಿಜಿಟಲ್ ಕ್ಯಾಮೆರಾ ಬಂತು, ಮೆಮೊರಿ ಕಾರ್ಡಿನಲ್ಲಿ ಸಾವಿರಾರು ಚಿತ್ರ ಹಿಡಿಯತೊಡಗಿದವು. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟರು. ಬಂದ ಚಿತ್ರಗಳು 3,48,58,623. ಗಿನ್ನೆಸ್ ದಾಖಲೆಯೂ ಆಯಿತು. ಅದರಲ್ಲಿ ಹುಲಿಯ ಚಿತ್ರ 76,651, ಚಿರತೆಯದ್ದು 51,777. ಉಳಿದ ಮೂರೂವರೆ ಕೋಟಿಯಷ್ಟು ಚಿತ್ರಗಳಲ್ಲಿ ಬೇರೆ ಪ್ರಾಣಿಗಳು, ದನ, ಜನ, ಗಾಳಿಗೆ ಅಲ್ಲಾಡಿದ ಹುಲ್ಲು ಎಲ್ಲ ಬಂತು. ಹುಲಿಗಾಗಿ ಹಾಕಿದ ಬಲೆಗೆ ಹುಲ್ಲೆ ಸುಮ್ನೆ ಬಂದು ಬಿದ್ದಿತ್ತು. ಆದರೆ ಬಲೆಯ ಕಣ್ಣು ಹುಲಿಯ ಅಳತೆಯದ್ದೇ ಆಗಿತ್ತು. ಕೊಂಡುಕುರಿ ಹುಲಿಯ ಹಾಗೆ ದಾರಿ ಹಿಡಿದು ನಡೆಯುವುದಿಲ್ಲ. ಪೊದೆಯಿಂದ ಬಂದು, ದಾರಿ ದಾಟಿ, ಪೊದೆಗೆ ನುಗ್ಗುತ್ತದೆ. ಚಿತ್ರದಲ್ಲಿ ಉಳಿಯುವುದು ಕಾಲು, ಇಲ್ಲಾ ಬಾಲ.

ಹಾಗಾದರೆ ಗುರುತಿಸುವುದು ಹೇಗೆ? ಕೊಂಡುಕುರಿಯಿಂದಲೇ ಶುರು ಮಾಡೋಣ. ಭುಜದ ಹತ್ತಿರ ಸುಮಾರು 60 ಸೆಂ.ಮೀ. ಎತ್ತರ, 20 ಕಿಲೋ ಆಸುಪಾಸು ತೂಕ. ಗಂಡಿಗೆ ಮಾತ್ರ ಕೊಂಬು. ಕಿವಿಗಳ ನಡುವೆ ಎರಡು, ಅದರ ಮುಂದೆ ಹಣೆಯ ಮೇಲೆ ಎರಡು ಚಿಕ್ಕವು. ನಾಲ್ಕು ಕೊಂಬಿನ ಕಾಡುಪ್ರಾಣಿ ಇದು ಬಿಟ್ಟರೆ ಬೇರೆ ಇಲ್ಲ. ಇಷ್ಟು ಸುಲಭ ಗುರುತು ಇದ್ದ ಮೇಲೆ ಗೊಂದಲ ಯಾಕೆ ಅಲ್ವಾ? ಯಾಕೆಂದರೆ ದಕ್ಷಿಣ ಭಾರತದ ಗಂಡುಗಳಲ್ಲಿ ಮುಂದಿನ ಜೋಡಿ ಎಷ್ಟೋ ಸಲ ಬರೀ ಗುಬುಟು. ಕೆಲವಕ್ಕೆ ಅದೂ ಇರುವುದಿಲ್ಲ. 'ಫೋರ್-ಹಾರ್ನ್ಡ್ ಆಂಟಿಲೋಪ್' ಅನ್ನುವ ಇಂಗ್ಲಿಷ್ ಹೆಸರಿನಲ್ಲಿರುವ ನಾಲ್ಕು ಕೊಂಬನ್ನು ಹುಡುಕುತ್ತಾ ಕೂತವರು ಎರಡು ಕಂಡ ಕೂಡಲೇ ಬೇರೆ ಹೆಸರು ಬರೆದುಬಿಡುತ್ತಾರೆ. ಹೆಣ್ಣಿಗಂತೂ ಕೊಂಬೇ ಇಲ್ಲ.

ಆಗ ಕಾಲು ನೋಡಬೇಕು. ಕೊಂಡುಕುರಿಯ ಕಾಲಿನ ಮುಂಭಾಗದಲ್ಲಿ, ಮುಖ್ಯವಾಗಿ ಮುಂಗಾಲಿನಲ್ಲಿ, ಉದ್ದಕ್ಕೆ ಒಂದು ಕಪ್ಪು ಗೆರೆ ಇಳಿದಿರುತ್ತದೆ. ಕಾಡುಕುರಿಯಾದರೆ ಮುಖ ನೋಡಿ. ಹಣೆಯಿಂದ ಮೂಗಿನ ಕಡೆಗೆ ಎರಡು ಕಪ್ಪು ಗೆರೆಗಳು ಇಳಿಯುತ್ತವೆ. ಗಂಡಿನ ಗಿಡ್ಡ ಕೊಂಬು ಕೂದಲು ಮುಚ್ಚಿದ ಉದ್ದ ಬುಡದ ಮೇಲೆ ಕೂತಿರುತ್ತದೆ. ಹೆಣ್ಣಿಗೆ ಆ ಜಾಗದಲ್ಲಿ ಕೂದಲ ಕುಚ್ಚು. ಹಗಲಿನಲ್ಲಿ ಬಣ್ಣವೂ ಸಹಾಯಕ್ಕೆ ಬರುತ್ತದೆ: ಕಾಡುಕುರಿಯದು ಕೆಂಪು, ಕೊಂಡುಕುರಿಯದು ಮಾಸಲು ಕಂದು. ರಾತ್ರಿ ಇನ್‌ಫ್ರಾರೆಡ್ ಬೆಳಕಿನಲ್ಲಿ ಎರಡೂ ಒಂದೇ ಬೂದು.

ಬಯಲುಸೀಮೆಯ ಗೊಂದಲ ಬೇರೆ. ಅಲ್ಲಿ ಚಿಂಕಾರ ಮತ್ತು ಹೆಣ್ಣು ಕೃಷ್ಣಮೃಗ. ಕರಿ ಮೈಯ, ಸುರುಳಿ ಕೊಂಬಿನ ಗಂಡನ್ನು ಮಕ್ಕಳೂ ಗುರುತಿಸುತ್ತಾರೆ. ಹೆಣ್ಣು ಹಳದಿ ಮಿಶ್ರಿತ ಕಂದು, ಕೊಂಬಿಲ್ಲ, ಕಣ್ಣಿನ ಸುತ್ತ ಬಿಳಿ ಬಳೆ. ಚಿಂಕಾರದಲ್ಲಿ ಹೆಣ್ಣಿಗೂ ಕೊಂಬಿರುತ್ತದೆ, ಸಣ್ಣಗೆ ಕಡ್ಡಿಯ ಹಾಗೆ. ಮುಖದ ಎರಡೂ ಬದಿಗೆ ಕಣ್ಣಿನಿಂದ ಮೂತಿಯವರೆಗೆ ಬಿಳಿ ಪಟ್ಟಿ. ಬಾಲ ಕಪ್ಪು. ವಿಡಿಯೊ ಇದ್ದರೆ ಆ ಬಾಲ ಅಲ್ಲಾಡುತ್ತಲೇ ಇರುವುದು ಕಾಣುತ್ತದೆ. ಆಫ್ರಿಕಾದ ಟಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲಿನಲ್ಲೂ ಇದೇ ಪಾಡು. ಅಲ್ಲಿ 2010ರಿಂದ 225 ಕ್ಯಾಮೆರಾ ಇಟ್ಟು, ಚಿತ್ರಗಳನ್ನು ಸಾವಿರಾರು ಸ್ವಯಂಸೇವಕರ ಮುಂದಿಟ್ಟರು. ಒಂದೇ ಚಿತ್ರವನ್ನು ಹಲವರು ನೋಡಿದರು. ಆನೆ, ಜಿರಾಫೆಗೆ ತಕರಾರಿಲ್ಲ. ಗ್ರಾಂಟ್ಸ್ ಮತ್ತು ಥಾಮ್ಸನ್ಸ್ ಗಜೆಲ್ ಅನ್ನುವ ಎರಡು ಬಗೆಯ ಹುಲ್ಲೆಗಳ ಮುಂದೆ ಮತ ಒಡೆಯಿತು.

ಯಂತ್ರ ಬಂದ ಮೇಲೂ ಇದು ಪೂರ್ತಿ ತೀರಿಲ್ಲ. ಮೆಗಾಡಿಟೆಕ್ಟರ್ ಅನ್ನುವ ತಂತ್ರಾಂಶ ಚಿತ್ರದಲ್ಲಿ ಪ್ರಾಣಿ ಇದೆಯೋ, ಮನುಷ್ಯರೋ, ವಾಹನವೋ ಎಂದಷ್ಟೇ ಹೇಳುತ್ತದೆ. ಖಾಲಿ ಚಿತ್ರ ಬೇರ್ಪಡಿಸಲು ಅದು ದೊಡ್ಡ ಆಸರೆ. ಗೂಗಲ್ 2025ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಸ್ಪೀಷೀಸ್‌ನೆಟ್ ಜಾತಿಯ ಹೆಸರನ್ನೂ ಹೇಳುತ್ತದೆ. ಅದರಲ್ಲಿ ನನಗೆ ಹಿಡಿಸಿದ ಗುಣ ಒಂದಿದೆ. ಖಚಿತವಾಗದಿದ್ದರೆ ಅದು ಜಾತಿ ಬಿಟ್ಟು, ಆ ಜಾತಿ ಸೇರುವ ದೊಡ್ಡ ಗುಂಪಿನ, ಅಂದರೆ ಕುಟುಂಬದ ಹೆಸರಿಗೆ ನಿಲ್ಲುತ್ತದೆ. ನಮ್ಮ ಪಟ್ಟಿಗಳಲ್ಲೂ 'ಖಚಿತವಿಲ್ಲ' ಅನ್ನುವ ಒಂದು ಕಾಲಂ ಇರಬೇಕು. ಅದನ್ನು ತುಂಬಿದವರು ಸೋತವರಲ್ಲ.

ಒಂದು ಹೆಸರು ತಪ್ಪಿದರೆ ಏನಾಯ್ತು ಅನ್ನಿಸಬಹುದು. ಜಗಳೂರಿನ ರಂಗಯ್ಯನದುರ್ಗ 2011ರಲ್ಲಿ ವನ್ಯಧಾಮವಾದದ್ದು ಕೊಂಡುಕುರಿಗಾಗಿ. ಬಾಗಲಕೋಟೆಯ ಯಡಹಳ್ಳಿ ಚಿಂಕಾರಕ್ಕಾಗಿ. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರ ಇದೆ ಅನ್ನುವುದಕ್ಕೆ ಕ್ಯಾಮೆರಾ ಚಿತ್ರಗಳೇ ಸಾಕ್ಷಿಯಾದವು. 2019ರಲ್ಲಿ ಅದೂ ವನ್ಯಧಾಮವಾಯಿತು. ಆ ಚಿತ್ರಗಳ ಮುಂದೆ ಯಾರಾದರೂ ಸುಮ್ನೆ 'ಜಿಂಕೆ' ಅಂತ ಬರೆದಿದ್ದರೆ? ಇಂಥ ಕುರುಚಲು ಕಾಡನ್ನು ಬಂಜರು ಅಂತ ಕರೆದು ಬೇರೆ ಕೆಲಸಕ್ಕೆ ಕೊಡುವುದು ಎಷ್ಟು ಸುಲಭ ಅನ್ನುವುದು ಬಯಲುಸೀಮೆಯವರಿಗೆ ಗೊತ್ತು.

ಕೊಂಡುಕುರಿಗೆ ಒಂದು ಅಭ್ಯಾಸ ಇದೆ. ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ದಾರಿಯ ಕ್ಯಾಮೆರಾದ ಜೊತೆಗೆ ಇನ್ನೊಂದನ್ನು ಆ ಹಿಕ್ಕೆ ಗುಡ್ಡೆಯ ಹತ್ತಿರ, ಮೊಣಕಾಲೆತ್ತರಕ್ಕೆ ಕಟ್ಟಿದರೆ ಪ್ರಾಣಿ ಓಡುತ್ತಾ ದಾಟುವುದಿಲ್ಲ. ಬಂದು, ಒಂದು ಗಳಿಗೆ ನಿಲ್ಲುತ್ತದೆ. ಹಣೆಯ ಗುಬುಟು, ಮುಂಗಾಲಿನ ಕಪ್ಪು ಗೆರೆ ಎರಡೂ ಒಂದೇ ಚಿತ್ರದಲ್ಲಿ ಸಿಗುತ್ತವೆ.