ರೆವ್‌ಸೆಟ್ ಟಿಪ್ಪಣಿ: ಒಂದು ಕೋಲನ್, ಎರಡು ಕೋಲನ್

ಕಾಸರಗೋಡಿನ ನಾವು ಕೆಲವರು ಊರ ಹೆಸರುಗಳನ್ನು ಕನ್ನಡ, ಮಲಯಾಳ, ತುಳು ಮೂರರಲ್ಲೂ ಪಟ್ಟಿ ಮಾಡುತ್ತಿದ್ದೇವೆ, ಎಲ್ಲ ಮರ್ಕ್ಯೂರಿಯಲ್‌ನಲ್ಲಿದೆ (ಫೈಲ್‌ಗಳ ಬದಲಾವಣೆಗಳ ಇತಿಹಾಸ ಇಡುವ ಸಾಫ್ಟ್‌ವೇರ್, ಕಮಾಂಡ್ ಹೆಸರು ಹೆಚ್‌ಜಿ). ಕಮಿಟ್ (ದಾಖಲಿಸಿಟ್ಟ ಒಂದೊಂದು ಬದಲಾವಣೆ) ಜಾಸ್ತಿಯಾದ ಮೇಲೆ ಲಾಗ್, ಅಂದರೆ ಅವುಗಳ ಪಟ್ಟಿ, ಸ್ಕ್ರೋಲ್ ಮಾಡಿ ಹುಡುಕುವುದು ಸುಮ್ನೆ ಕಣ್ಣಿಗೆ ಶಿಕ್ಷೆ. ರೆವ್‌ಸೆಟ್, ಅಂದರೆ ಬೇಕಾದ ಕಮಿಟ್‌ಗಳನ್ನು ಆರಿಸುವ ಪುಟ್ಟ ಭಾಷೆ, ಇರುವುದು ಇದಕ್ಕೇ, 2010ರಲ್ಲಿ 1.6ನೇ ಆವೃತ್ತಿಯೊಂದಿಗೆ ಬಂತು. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ.

ಸುಲಭದ್ದು ಮೊದಲು. ನಮ್ಮಲ್ಲಿ ಯೂಸರ್ ಹೆಸರಿನ ಜಾಗದಲ್ಲಿ ಊರೇ ಇದೆ, ಹಾಗಾಗಿ

ಹೆಚ್‌ಜಿ ಲಾಗ್ -ಆರ್ 'ಯೂಸರ್("ಬದಿಯಡ್ಕ") ಆ್ಯಂಡ್ ಫೈಲ್("ಕುಂಬಳೆ*") ಆ್ಯಂಡ್ ನಾಟ್ ಮರ್ಜ್()'

ಎಂದರೆ ಬದಿಯಡ್ಕದವರು ಕುಂಬಳೆ ಫೈಲ್ ಮುಟ್ಟಿದ ಕಮಿಟ್‌ಗಳು ಬರುತ್ತವೆ, ಮರ್ಜ್‌ಗಳು (ಎರಡು ಕವಲು ಕೂಡಿಸಿದ ಕಮಿಟ್‌ಗಳು) ಬರುವುದಿಲ್ಲ. ಹೊರಗಿನ ಕೋಟ್ ಬಿಟ್ಟರೆ ಬ್ರಾಕೆಟ್ ನೋಡಿ ಶೆಲ್ (ಕಮಾಂಡ್ ಓದುವ ಪ್ರೋಗ್ರಾಂ) ತಕರಾರು ತೆಗೆಯುತ್ತದೆ.

ಗೋಜಲಾಗುವುದು ಕೋಲನ್‌ನಲ್ಲಿ. 120:135 ಅಂದರೆ ಕಮಿಟ್ ಸಂಖ್ಯೆ 120ರಿಂದ 135ರವರೆಗಿನ ಬರೀ ಸಾಲು, ನಡುವೆ ಬೇರೆ ಬ್ರಾಂಚಿನ (ಕವಲಿನ) ಕಮಿಟ್ ಇದ್ದರೆ ಅದೂ ಬರುತ್ತದೆ. ಮೇಲಾಗಿ ಈ ಸಂಖ್ಯೆ ಆಯಾ ಕಂಪ್ಯೂಟರಿಗೆ ಮಾತ್ರ ಸೀಮಿತ, ಕಮಿಟ್‌ಗಳು ಅಲ್ಲಿಗೆ ಬಂದು ಸೇರಿದ ಕ್ರಮದಲ್ಲಿ ಸಿಕ್ಕಿದ್ದು, ಮಂಜೇಶ್ವರದಲ್ಲಿ ಕೂತವರ 120 ನನ್ನ 120 ಆಗಿರಬೇಕೆಂದೇನಿಲ್ಲ. ಇನ್ನೊಬ್ಬರಿಗೆ ಹೇಳುವಾಗ ಹ್ಯಾಶ್ (ಎಲ್ಲ ಕಂಪ್ಯೂಟರಲ್ಲೂ ಒಂದೇ ಇರುವ ಕಮಿಟ್ ಗುರುತು) ಕೊಡಿ.

120::135 ಬೇರೆಯೇ. ಇದು ಸಂಬಂಧ ನೋಡುತ್ತದೆ: 120ರ ಸಂತತಿಯೂ ಆಗಿರಬೇಕು, 135ರ ಪೂರ್ವಜನೂ ಆಗಿರಬೇಕು, ಎರಡು ತುದಿಗಳೂ ಸೇರಿ. ಸಂಬಂಧವೇ ಇಲ್ಲದಿದ್ದರೆ ಉತ್ತರ ಖಾಲಿ.

ಗಿಟ್‌ನಿಂದ (ಇಂಥದೇ ಇನ್ನೊಂದು ಸಾಫ್ಟ್‌ವೇರ್) ಬಂದವರು ಎಡವುವುದು ಇಲ್ಲೇ. ತುಳು ಬ್ರಾಂಚಿನಲ್ಲಿ ಇದ್ದು ಡಿಫಾಲ್ಟ್‌ಗೆ (ಮುಖ್ಯ ಬ್ರಾಂಚಿಗೆ) ಇನ್ನೂ ಸೇರದ ಕಮಿಟ್ ಬೇಕು ಅಂತ, ಗಿಟ್ ಅಭ್ಯಾಸದಲ್ಲಿ ಡಿಫಾಲ್ಟ್..ತುಳು ಎಂದು ಹೊಡೆಯುತ್ತಾರೆ. ಮರ್ಕ್ಯೂರಿಯಲ್‌ನಲ್ಲಿ ಎರಡು ಚುಕ್ಕಿಯೂ ಎರಡು ಕೋಲನ್ನೂ ಒಂದೇ! ಬ್ರಾಂಚ್ ಕವಲೊಡೆದ ಮೇಲೆ ಡಿಫಾಲ್ಟ್ ಮುಂದೆ ಹೋಗಿದ್ದು, ಅದನ್ನು ತುಳುವಿಗೆ ಮರ್ಜ್ ಮಾಡಿರದಿದ್ದರೆ ಏನೂ ಬರುವುದಿಲ್ಲ, ಎರರ್ ಕೂಡ ಇಲ್ಲ, ಎಲ್ಲ ಸೇರಿಬಿಟ್ಟಿದೆ ಅಂತಲೇ ಅನಿಸುತ್ತದೆ. ಬೇಕಾದದ್ದು ಓನ್ಲಿ(ತುಳು, ಡಿಫಾಲ್ಟ್), ಚಿಕ್ಕದಾಗಿ ತುಳು % ಡಿಫಾಲ್ಟ್. ಕ್ರಮ ಗಿಟ್‌ಗೆ ಉಲ್ಟಾ, ಗಮನಿಸಿದಿರಿ ಅಲ್ವಾ?

^2 ಮತ್ತು ~2 ಕೂಡ ಒಂದೇ ಅಲ್ಲ. ಮೊದಲನೆಯದು ಮರ್ಜ್‌ನ ಎರಡನೇ ಪೇರೆಂಟ್ (ಪೇರೆಂಟ್ ಅಂದರೆ ನೇರ ಹಿಂದಿನ ಕಮಿಟ್), ಎರಡನೆಯದು ಮೊದಲ ಪೇರೆಂಟ್ ಹಿಡಿದು ಎರಡು ಹೆಜ್ಜೆ ಹಿಂದೆ.

ಪದೇಪದೇ ಬೇಕಾಗುವುದನ್ನು ಮರ್ಕ್ಯೂರಿಯಲ್‌ನ ಸೆಟ್ಟಿಂಗ್ ಇರುವ ಹೆಚ್‌ಜಿಆರ್‌ಸಿ ಫೈಲಿನ ರೆವ್‌ಸೆಟ್‌ಅಲಿಯಾಸ್ ವಿಭಾಗದಲ್ಲಿ 'ಬಾಕಿ = ಓನ್ಲಿ(., ಡಿಫಾಲ್ಟ್)' ಎಂದು ಬರೆದಿಡಿ, ಚುಕ್ಕಿ ಅಂದರೆ ನೀವು ಈಗ ನಿಂತಿರುವ ಕಮಿಟ್. ಆಮೇಲೆ -ಆರ್ ಬಾಕಿ ಅಂದರೆ ಸಾಕು.